ಜಾತ್ರೆಯ ಗದ್ದೆ ಯಾರದು?

ಕೊಯ್ಲು ಮುಗಿದು ಗದ್ದೆಗಳು ಒಣಗಿದವೆಂದರೆ ನಮ್ಮ ಕಡೆ ಜಾತ್ರೆಯ ಕಾಲ. ಒಂದೊಂದು ಊರಿನಲ್ಲೂ ಕೊಡಿ ಏರುತ್ತದೆ, ತೇರು ಎಳೆಯುತ್ತಾರೆ, ದೈವಗಳಿಗೆ ನೇಮ ನಡೆಯುತ್ತದೆ. ಬಂಟ್ವಾಳ ತಾಲೂಕಿನ ಪೊಳಲಿಯಲ್ಲಾದರೆ ಒಂದು ತಿಂಗಳ ಜಾತ್ರೆ. ಅಲ್ಲಿಯ ಚೆಂಡು ನೋಡಿ ಬರುವವನು ಕಂಕುಳಲ್ಲಿ ಬಚ್ಚಂಗಾಯಿ ಇಲ್ಲದೆ ಮನೆ ಹೊಕ್ಕರೆ ಮಕ್ಕಳು ಅವನನ್ನು ಜಾತ್ರೆಗೆ ಹೋದವನೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ದೇವರ ದರ್ಶನಕ್ಕೆಂದು ಬಂದವರೇ ಬಳೆ, ಬತ್ತಾಸು, ಚರುಮುರಿ, ಮಣ್ಣಿನ ಮಡಕೆ, ಕತ್ತಿ, ಚಾಪೆಗಳಿಗೂ ಬಂದಿರುತ್ತಾರೆ. ಇದರಲ್ಲಿ ದೇವರಿಗೆ ಅವಮಾನವಿಲ್ಲ. ಜಾತ್ರೆ ಎಂದರೆ ಪೂಜೆಯೂ ಹೌದು, ಸಂತೆಯೂ ಹೌದು. ಸಣ್ಣ ವ್ಯಾಪಾರಿಯ ಮಟ್ಟಿಗೆ ಅದು ಮಳೆಗಾಲದ ನಾಲ್ಕು ತಿಂಗಳ ಅಕ್ಕಿ.

ನಾನು ಶಾಲೆಯಲ್ಲಿ ಮಾಸ್ತರನಾಗಿದ್ದ ಕಾಲದಿಂದಲೂ ನಮ್ಮ ನೆರೆಯ ಒಂದು ಜಾತ್ರೆಯಲ್ಲಿ ಇಬ್ಬರನ್ನು ನೋಡುತ್ತ ಬಂದಿದ್ದೇನೆ. ಒಬ್ಬಾಕೆ ಚರುಮುರಿ ಮಾರುವವಳು. ಇನ್ನೊಬ್ಬ ಬಳೆ, ಕನ್ನಡಿ, ಮಕ್ಕಳ ಆಟಿಕೆಗಳನ್ನು ಮಾರುವ ಬ್ಯಾರಿ. ಇಬ್ಬರ ಡೇರೆಗಳೂ ಅಕ್ಕಪಕ್ಕದಲ್ಲಿ. ಆಕೆ ತೇರು ನೋಡಲು ಹೋದಾಗ ಚರುಮುರಿಯ ಡಬ್ಬಿ ಕಾಯುವವನು ಅವನು. ಅವನು ನಮಾಜಿಗೆ ಹೋದಾಗ ಬಳೆಯ ಗಿರಾಕಿಗಳಿಗೆ ಉತ್ತರ ಹೇಳುವವಳು ಆಕೆ. ಸಾಮಾನು ತರುವ ಟೆಂಪೋದ ಬಾಡಿಗೆಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು.

2022ರ ಬೇಸಗೆಯಲ್ಲಿ ನಾನು ಹೋದಾಗ ಬಳೆಯ ಜಾಗದಲ್ಲಿ ಬೇರೆಯವರಿದ್ದರು. ಚರುಮುರಿಯವಳನ್ನು ಕೇಳಿದೆ. "ಅವರಿಗೆ ಈ ವರ್ಷ ಜಾಗ ಕೊಡಲಿಲ್ಲ ಮಾಸ್ತರೇ," ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೆಂಪೋದ ಬಾಡಿಗೆ ಪೂರ್ತಿ ನನ್ನ ತಲೆಗೇ ಬಂತು. ಜಾಗದ ಬಾಡಿಗೆಯನ್ನೂ ಏರಿಸಿದ್ದಾರೆ. ಯಾರಿಗೆ ಒಳ್ಳೆಯದಾಯಿತು, ನನಗೆ ಗೊತ್ತಾಗಲಿಲ್ಲ," ಎಂದಳು.

ಆಕೆ ಕೇಳಿದ ಪ್ರಶ್ನೆಗೆ ನಾನು ಆ ದಿನ ಉತ್ತರ ಕೊಡಲಿಲ್ಲ. ಈ ಲೇಖನವೇ ಆ ಉತ್ತರ.

ನಡೆದದ್ದೇನು?

ಸಂಗತಿಗಳನ್ನು ಮೊದಲು ಸರಿಯಾಗಿ ಇಟ್ಟುಕೊಳ್ಳೋಣ. ಉಡುಪಿಯಲ್ಲಿ ಎದ್ದ ಶಿರವಸ್ತ್ರದ ವಿವಾದದ ಬಗ್ಗೆ 2022ರ ಮಾರ್ಚ್ 15ರಂದು ರಾಜ್ಯದ ಹೈಕೋರ್ಟು ತೀರ್ಪು ಕೊಟ್ಟಿತು. ಅದನ್ನು ಪ್ರತಿಭಟಿಸಿ ಮಾರ್ಚ್ 17ರಂದು ಮುಸ್ಲಿಂ ಸಂಘಟನೆಗಳು ಬಂದ್‌ಗೆ ಕರೆ ಕೊಟ್ಟವು. ಅನೇಕ ಮುಸ್ಲಿಮರು ಅಂಗಡಿ ಮುಚ್ಚಿದರು. ಅದಾದ ಒಂದೇ ವಾರದೊಳಗೆ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ ಅವರಿಗೆ ಅಂಗಡಿ ಇಡಲು ಜಾಗ ಸಿಗಲಿಲ್ಲ. ಮೂಲ್ಕಿಯ ಬಪ್ಪನಾಡಿನ ಜಾತ್ರೆಯ ಹೊತ್ತಿಗೆ ಅವರು ವ್ಯಾಪಾರಕ್ಕೆ ಬರಕೂಡದೆಂಬ ಬ್ಯಾನರು ಎದ್ದಿತು. ಅಲ್ಲಿಂದ ಈ ರೋಗ ಊರಿಂದ ಊರಿಗೆ ಹಬ್ಬಿತು. 2023ರ ನವರಾತ್ರಿಯಲ್ಲಿ ಮಂಗಳೂರಿನ ಮಂಗಳಾದೇವಿಯ ರಥಬೀದಿಯಲ್ಲೂ ಇದೇ ತಕರಾರು ಎದ್ದು ಜಿಲ್ಲಾಡಳಿತ ಮಧ್ಯೆ ಬರಬೇಕಾಯಿತು.

ಬಪ್ಪನಾಡಿನ ಹೆಸರನ್ನು ನಮ್ಮ ಮೂಡಬಿದ್ರೆಯ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬಪ್ಪ ಬ್ಯಾರಿ ಎಂಬ ವರ್ತಕನ ಹಡಗು ಶಾಂಭವಿ ನದಿಯಲ್ಲಿ ನಿಂತುಹೋದದ್ದು, ಅವನಿಗೆ ದೇವಿಯ ಅಪ್ಪಣೆಯಾದದ್ದು, ಆ ಮುಸಲ್ಮಾನನು ಸ್ಥಳದ ಜೈನ ಅರಸನ ನೆರವಿನಿಂದ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ್ದು, ಇದು ಅಜ್ಜಿಯರ ಬಾಯಲ್ಲಿ ಬಂದ ಕಥೆ. ಆ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದ ಸಲ್ಲುವ ಪದ್ಧತಿ ಇಂದಿಗೂ ಇದೆ. ಕಥೆ ಚರಿತ್ರೆಯೋ ಅಲ್ಲವೋ ಪಂಡಿತರು ವಾದಿಸಲಿ. ದೇವಿಯ ಹೆಸರಿನಲ್ಲೇ ಒಬ್ಬ ಬ್ಯಾರಿಯ ಹೆಸರಿದೆ. ಅಂಥ ಊರಿನಲ್ಲಿ ಬ್ಯಾರಿ ಬಳೆ ಮಾರಬಾರದೆಂದು ಬರೆದವನ ಕೈ ಒಂದು ಗಳಿಗೆಯಾದರೂ ನಡುಗಬೇಕಿತ್ತು.

ಆದರೆ ಕಥೆಯ ಮೇಲೆ ಕಾನೂನು ನಿಲ್ಲುವುದಿಲ್ಲ. ಸೌಹಾರ್ದದ ಭಾಷಣಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಕೇಳಿ ಎದ್ದು ಬಂದ ಮೇಲೆ ಡೇರೆಯ ಜಾಗ ಖಾಲಿಯಾಗಿಯೇ ಇರುತ್ತದೆ. ನಾನು ಕೇಳುವುದು ಕರುಣೆಯ ಪ್ರಶ್ನೆಯನ್ನಲ್ಲ, ಸರಕಾರದ ಪ್ರಶ್ನೆಯನ್ನು. ಮುಜರಾಯಿ ದೇವಸ್ಥಾನದ ಜಾತ್ರೆಯಲ್ಲಿ ಅಂಗಡಿ ಜಾಗ ಏಲಂ ಹಾಕುವವರು ಯಾರು? ವ್ಯವಸ್ಥಾಪನಾ ಸಮಿತಿ. ಆ ಸಮಿತಿಯನ್ನು ನೇಮಿಸುವವರು ಯಾರು? ಸರಕಾರದ ಕಾನೂನಿನ ಕೆಳಗಿನ ಅಧಿಕಾರಿಗಳು. ಜಾತ್ರೆಗೆ ಬಂದೋಬಸ್ತು ಕೊಡುವವರು ಪೋಲೀಸರು, ರಸ್ತೆ ಪಂಚಾಯತದ್ದು ಇಲ್ಲವೆ ಪುರಸಭೆಯದ್ದು. ಹೀಗಿರುವಾಗ "ಇದು ದೇವಸ್ಥಾನದ ಒಳಗಿನ ವಿಷಯ" ಎಂದು ಹೇಳಿ ಸರಕಾರವು ಕೈತೊಳೆದುಕೊಳ್ಳುವಂತಿಲ್ಲ.

ನಮ್ಮ ಜಿಲ್ಲೆ ದೇಶಕ್ಕೆ ಕೊಟ್ಟ ಎರಡು ತೀರ್ಪುಗಳು

ಧರ್ಮ ಎಲ್ಲಿ ಮುಗಿಯುತ್ತದೆ, ಸರಕಾರ ಎಲ್ಲಿ ಶುರುವಾಗುತ್ತದೆ ಎಂಬ ಗಡಿಕಲ್ಲನ್ನು ಸುಪ್ರೀಂ ಕೋರ್ಟು ಮೊತ್ತಮೊದಲು ನೆಟ್ಟದ್ದು ನಮ್ಮ ಈ ದಕ್ಷಿಣ ಕನ್ನಡದ ಮೊಕದ್ದಮೆಗಳಲ್ಲಿ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಡುವುದಿಲ್ಲ. ಮಾಸ್ತರನಾಗಿದ್ದಾಗ ನಾನೂ ಹೇಳಿಕೊಟ್ಟವನಲ್ಲ.

ಮೊದಲನೆಯದು ಉಡುಪಿಯ ಶಿರೂರು ಮಠದ್ದು. ಆಗ ನಮ್ಮ ಜಿಲ್ಲೆ ಮದ್ರಾಸು ರಾಜ್ಯದಲ್ಲಿತ್ತು. ಮದ್ರಾಸು ಸರಕಾರ 1951ರಲ್ಲಿ ಹಿಂದೂ ಧರ್ಮಾದಾಯ ಕಾನೂನು ಮಾಡಿ ಮಠಗಳನ್ನು ಕಮಿಶನರರ ಹತೋಟಿಗೆ ತಂದಿತು. ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ಸಾರ ಇಷ್ಟು. ಧರ್ಮದ ಆಚಾರ ಯಾವುದು ಎಂಬುದನ್ನು ಆ ಧರ್ಮದ ಸಿದ್ಧಾಂತವೇ ಹೇಳಬೇಕು. ಅದರಲ್ಲಿ ಸರಕಾರದ ಅಧಿಕಾರಿ ಕೈಹಾಕುವಂತಿಲ್ಲ, ಮನಸ್ಸು ಬಂದಾಗ ಮಠದೊಳಗೆ ನುಗ್ಗುವಂತಿಲ್ಲ. ಆದರೆ ಆಸ್ತಿಯ ಆಡಳಿತ ಬೇರೆ. ಅದನ್ನು ಕಾನೂನಿನ ಪ್ರಕಾರವೇ ನಡೆಸಬೇಕು. ಮಠಗಳಿಂದ ವರ್ಷವರ್ಷ ಕಿತ್ತುಕೊಳ್ಳುತ್ತಿದ್ದ ವಂತಿಗೆಯನ್ನೂ ಕೋರ್ಟು ರದ್ದು ಮಾಡಿತು. ಸೇವೆಗೆ ಸಲ್ಲಿಸುವ ಶುಲ್ಕವಲ್ಲ ಅದು, ತೆರಿಗೆ ಎಂದಿತು.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. 1947ರ ದೇವಾಲಯ ಪ್ರವೇಶದ ಕಾನೂನು ಹರಿಜನರಿಗೆ ದೇವಸ್ಥಾನಗಳ ಬಾಗಿಲು ತೆರೆಯಿತು. ಮೂಲ್ಕಿಯ ದೇವಸ್ಥಾನ ಗೌಡ ಸಾರಸ್ವತ ಸಮಾಜಕ್ಕೆ ಸೇರಿದ್ದು, ಈ ಕಾನೂನು ನಮಗೆ ಹತ್ತುವುದಿಲ್ಲ ಎಂದು ಮೊಕ್ತೇಸರರು ವಾದಿಸಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಬಂತು. 1957ರ ನವೆಂಬರಿನಲ್ಲಿ ತೀರ್ಪಾಯಿತು. ದೇವಸ್ಥಾನ ಆ ಸಮಾಜದ್ದೇ ಹೌದು, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಅವರಷ್ಟಕ್ಕೇ ಇರಬಹುದು. ಆದರೆ ಸಾರ್ವಜನಿಕ ದೇವಸ್ಥಾನದ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದಿರಬೇಕು, ಪಂಗಡದ ಹಕ್ಕಿಗಿಂತ ಆ ಹಕ್ಕು ಮೇಲು ಎಂದು ಕೋರ್ಟು ಹೇಳಿತು.

ಎರಡು ತೀರ್ಪುಗಳನ್ನೂ ಒಟ್ಟಿಗೆ ಓದಿ. ಗರ್ಭಗುಡಿಯ ಪೂಜೆಗೆ ಸರಕಾರ ಕೈಹಾಕಬಾರದು. ಮನುಷ್ಯನನ್ನು ಹೊರಗಿಡುವುದಕ್ಕೆ ಧರ್ಮದ ಹೆಸರು ಹೇಳಬಾರದು. ಮಂತ್ರ ಅಸ್ರಣ್ಣರದು, ಲೆಕ್ಕಪುಸ್ತಕ ಕಾನೂನಿನದು. ಸಂವಿಧಾನದ 25ನೆಯ ಅನುಚ್ಛೇದವೂ ಇದನ್ನೇ ಹೇಳುತ್ತದೆ: ಧರ್ಮಾಚರಣೆಗೆ ಹೊಂದಿಕೊಂಡ ಹಣಕಾಸಿನ, ವ್ಯವಹಾರದ ಸಂಗತಿಗಳನ್ನು ಸರಕಾರ ಕಾನೂನಿನಿಂದ ನಿಯಂತ್ರಿಸಬಹುದು. ಈಗ ಹೇಳಿ, ಬಚ್ಚಂಗಾಯಿ ಮಾರುವುದು ಪೂಜೆಯೇ? ಬಳೆ ತೊಡಿಸುವುದು ಅಭಿಷೇಕವೇ? ಯಾವ ಆಗಮದಲ್ಲಿ ಬರೆದಿದೆ, ಐಸ್‌ಕ್ಯಾಂಡಿ ಮಾರುವವನ ಜಾತಿ ಇಂಥದ್ದೇ ಆಗಬೇಕೆಂದು? ಇದು ವ್ಯವಹಾರ. ವ್ಯವಹಾರಕ್ಕೆ ದೇಶದ ಸಾಮಾನ್ಯ ಕಾನೂನೇ ಅನ್ವಯಿಸಬೇಕು.

1974ರಲ್ಲಿ ನಮ್ಮ ಹಿರಿಯರು ಇದೇ ಭೇದದಿಂದ ಬದುಕಿದರು. ಆ ವರ್ಷದ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು. ಏಳನೇ ನಮೂನೆಯ ಅರ್ಜಿ ಹಿಡಿದು ಟ್ರಿಬ್ಯುನಲಿನ ಮುಂದೆ ನಿಂತ ಒಕ್ಕಲಿಗೆ ಭೂಮಿ ಸಿಕ್ಕಿತು. ಮಠದ, ದೇವಸ್ಥಾನದ ಒಕ್ಕಲುಗಳೂ ಆ ಸಾಲಿನಲ್ಲಿದ್ದರು. ಅವರು ದೇವರ ವಿರುದ್ಧ ಅರ್ಜಿ ಹಾಕಿದರೆಂದು ಯಾರಾದರೂ ಹೇಳುತ್ತಾರೆಯೇ? ಅರ್ಜಿ ಹಾಕಿದ ದಿನವೂ ಮನೆಯಲ್ಲಿ ದೀಪ ಹಚ್ಚಿ ಬಂದವರು ಅವರು. ದೇವರು ಬೇರೆ, ಗೇಣಿ ಬೇರೆ ಎಂದು ಅವರಿಗೆ ತಿಳಿದಿತ್ತು.

31(12)ನೇ ನಿಯಮ

ಇನ್ನು 2022ರಲ್ಲಿ ಸರಕಾರ ಹಿಡಿದ ಕೊಡೆಯನ್ನು ನೋಡೋಣ. ಕಾಪು, ಮೂಲ್ಕಿಗಳ ಸುದ್ದಿ ವಿಧಾನಸಭೆಗೆ ಬಂದಾಗ ಆಗಿನ ಕಾನೂನು ಮಂತ್ರಿಗಳು ಒಂದು ನಿಯಮ ತೋರಿಸಿದರು. ಅದು 2002ರ ಧಾರ್ಮಿಕ ದತ್ತಿ ನಿಯಮಗಳ 31ನೆಯದರ 12ನೇ ಉಪನಿಯಮ. ದೇವಸ್ಥಾನದ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಎಂದು ಅದು ಹೇಳುತ್ತದೆ. ಈ ನಿಯಮ ಹುಟ್ಟಿದ್ದು ಎಸ್. ಎಂ. ಕೃಷ್ಣರ ಕಾಂಗ್ರೆಸ್ ಸರಕಾರ ಇದ್ದಾಗ. ಅದನ್ನು ಬೀದಿಗೆ ತಂದು ಬೀಸಿದ್ದು ಭಾರತೀಯ ಜನತಾ ಪಕ್ಷದ ಸರಕಾರ ಇದ್ದಾಗ. ಒಬ್ಬರು ಕತ್ತಿ ಮಸೆದರು, ಇನ್ನೊಬ್ಬರು ಬಳಸಿದರು. ಆದ್ದರಿಂದ ಕಾಂಗ್ರೆಸಿನ ಮಿತ್ರರು ಇದರಲ್ಲಿ ಎದೆ ತಟ್ಟಿಕೊಳ್ಳಲು ಏನೂ ಇಲ್ಲ.

ನಿಯಮಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ದೇವಸ್ಥಾನದ ಜಾಗ ವರ್ಷಗಟ್ಟಲೆ ಗುತ್ತಿಗೆಗೆ ಹೋಗಿ, ಕೊನೆಗೆ ಹಿಂದಕ್ಕೆ ಬಾರದೆ ಹೋದ ಸಂಗತಿಗಳು ನಮಗೆಲ್ಲ ಗೊತ್ತು. ಹಾಗೆ ನುಂಗಿದವರು ಎಲ್ಲ ಜಾತಿಯಲ್ಲೂ ಇದ್ದಾರೆ. ಮೊಕ್ತೇಸರರ ನೆಂಟರಲ್ಲೂ ಇದ್ದಾರೆ. ಅದಕ್ಕೆ ಮದ್ದು ಗುತ್ತಿಗೆಯ ಕರಾರು ಬಿಗಿ ಮಾಡುವುದು. ಗುತ್ತಿಗೆದಾರನ ಧರ್ಮ ನೋಡುವುದರಿಂದ ಒಂದು ಸೆಂಟ್ಸು ಜಾಗವೂ ಉಳಿಯದು.

ಅದೂ ಇರಲಿ. ಸಂಜೆ ನೆಟ್ಟು ಬೆಳಗ್ಗೆ ಕೀಳುವ ಡೇರೆ ಗುತ್ತಿಗೆಯೇ? ಮೂಲಗೇಣಿ, ಚಾಲಗೇಣಿಗಳ ವ್ಯತ್ಯಾಸವನ್ನು ಕೋರ್ಟಿನ ಮೆಟ್ಟಿಲು ಹತ್ತಿ ಕಲಿತ ಜಿಲ್ಲೆ ನಮ್ಮದು. ನಾಲ್ಕು ಗೂಟದ ಡೇರೆಗೆ ಗುತ್ತಿಗೆಯ ಹೆಸರಿಟ್ಟರೆ ನಮ್ಮ ಅಜ್ಜಂದಿರು ನಕ್ಕುಬಿಡುತ್ತಿದ್ದರು. ಮಂತ್ರಿಗಳು ಕೂಡ ದೇವಸ್ಥಾನದ ಆವರಣದ ಹೊರಗೆ ಹೀಗೆ ನಡೆದಿದ್ದರೆ ಸರಿಪಡಿಸುತ್ತೇವೆ ಎಂದಿದ್ದರು. ಆದರೆ ಬ್ಯಾನರು ಕಟ್ಟಿದವರು ಆವರಣದ ಗೋಡೆ ಎಲ್ಲಿದೆಯೆಂದು ಅಳೆದು ನೋಡಿದರೇ? ರಸ್ತೆಗೂ ಅದೇ ಆಜ್ಞೆ, ಗದ್ದೆಗೂ ಅದೇ ಆಜ್ಞೆ. ಅಂಗಡಿ, ರಸ್ತೆ, ಸಾರ್ವಜನಿಕ ಸ್ಥಳಗಳ ಉಪಯೋಗಕ್ಕೆ ಧರ್ಮ, ಜಾತಿಗಳ ಕಾರಣದಿಂದ ಯಾವ ಪ್ರಜೆಗೂ ಅಡ್ಡಿ ಮಾಡಬಾರದೆಂದು ಸಂವಿಧಾನದ 15ನೆಯ ಅನುಚ್ಛೇದ ಸ್ಪಷ್ಟವಾಗಿ ಹೇಳಿದೆ. ಸಂವಿಧಾನಕ್ಕಿಂತ ಒಂದು ಇಲಾಖೆಯ ನಿಯಮ ದೊಡ್ಡದಾಗಲಾರದು.

"ಸರಕಾರ ನಮ್ಮ ಹುಂಡಿ ಬಿಡಲಿ" ಎಂಬ ಮಾತು

ಇಲ್ಲಿಗೆ ಬರುವಾಗ ಓದುಗರಲ್ಲಿ ಕೆಲವರು ಕೇಳುತ್ತಾರೆ: "ಮಾಸ್ತರೇ, ಇದೆಲ್ಲ ಸರಿ. ಆದರೆ ಸರಕಾರ ಕೈಹಾಕುವುದು ದೇವಸ್ಥಾನದ ಹುಂಡಿಗೆ ಮಾತ್ರವಲ್ಲವೇ? ಮಸೀದಿಗೆ, ಇಗರ್ಜಿಗೆ ಯಾಕಿಲ್ಲ?" ಇದು ಪುಢಾರಿಗಳು ಹುಟ್ಟಿಸಿದ ಪ್ರಶ್ನೆ ಮಾತ್ರವಲ್ಲ. ಬೀಡಿಯ ಮಜೂರಿಯಿಂದ ಹತ್ತು ರೂಪಾಯಿ ತೆಗೆದು ಹುಂಡಿಗೆ ಹಾಕಿದ ತಾಯಿಗೂ ಈ ಸಂಶಯ ಇದೆ. ಆದುದರಿಂದ ನೇರವಾಗಿಯೇ ಉತ್ತರ ಕೊಡಬೇಕು.

ರಾಜ್ಯದ ಮುಜರಾಯಿಯಲ್ಲಿ ಸುಮಾರು 34,000ಕ್ಕೂ ಮಿಕ್ಕಿ ದೇವಸ್ಥಾನಗಳಿವೆ. ವರ್ಷಕ್ಕೆ 25 ಲಕ್ಷಕ್ಕೆ ಮೀರಿ ಆದಾಯವಿರುವವು ಎ ವರ್ಗ, 5ರಿಂದ 25 ಲಕ್ಷದವರೆಗಿನವು ಬಿ ವರ್ಗ, ಅದಕ್ಕೂ ಕಡಿಮೆಯವು ಸಿ ವರ್ಗ. ಬಹುತೇಕ ಎಲ್ಲವೂ ಸಿ ವರ್ಗದವು. ದೀಪದ ಎಣ್ಣೆಗೂ ಕಷ್ಟಪಡುವವು. ದೊಡ್ಡ ದೇವಸ್ಥಾನಗಳ ಆದಾಯದಲ್ಲಿ ಒಂದು ಪಾಲು ಸಾಮಾನ್ಯ ಸಂಗ್ರಹಣಾ ನಿಧಿಗೆ ಹೋಗಿ, ಅಲ್ಲಿಂದ ಬಡ ದೇವಸ್ಥಾನಗಳಿಗೆ, ಅರ್ಚಕರ ಹಿತಕ್ಕೆ ಬರಬೇಕೆಂದು ಕಾನೂನು ಇದೆ. 2024ರ ಫೆಬ್ರವರಿಯಲ್ಲಿ ಗದ್ದಲವಾದದ್ದು ಈ ಪಾಲಿನ ಬಗ್ಗೆಯೇ: ಒಂದು ಕೋಟಿಗೆ ಮೇಲ್ಪಟ್ಟ ಆದಾಯದವುಗಳಿಂದ ನೂರಕ್ಕೆ 10, ಹತ್ತು ಲಕ್ಷದಿಂದ ಒಂದು ಕೋಟಿಯವರೆಗೆ ನೂರಕ್ಕೆ 5 ಎಂಬ ಮಸೂದೆ ವಿಧಾನಸಭೆಯಲ್ಲಿ ಪಾಸಾಗಿ, ಪರಿಷತ್ತಿನಲ್ಲಿ ಬಿದ್ದು, ಮತ್ತೆ ಸಭೆಯಲ್ಲಿ ಪಾಸಾಯಿತು. ಸಿರಿವಂತ ದೇವರಿಂದ ಬಡ ದೇವರಿಗೆ ಹೋಗುವ ಪಾಲನ್ನು ಸಮಾಜವಾದಿಯಾದವನು ತಪ್ಪೆನ್ನಲಾರ. ಆದರೆ ಪೈಪೈ ಲೆಕ್ಕ ಊರವರ ಕಣ್ಣೆದುರು ಇರಬೇಕು. ಲೆಕ್ಕ ತೋರಿಸದ ಸರಕಾರಕ್ಕೆ ಹುಂಡಿ ಮುಟ್ಟುವ ನೈತಿಕ ಹಕ್ಕಿಲ್ಲ.

ಮುಸ್ಲಿಮರ ಸಂಸ್ಥೆಗಳಿಗೆ ಕಾನೂನೇ ಇಲ್ಲವೆಂಬುದು ಮಾತ್ರ ಸುಳ್ಳು. ವಕ್ಫ್ ಆಸ್ತಿಗಳು ಸರಕಾರ ರಚಿಸಿದ ಮಂಡಳಿಯ ಕೈಕೆಳಗೆ ಇವೆ. 1995ರ ಕಾನೂನಿನಂತೆ ಅವುಗಳ ನಿವ್ವಳ ಆದಾಯದಿಂದ ನೂರಕ್ಕೆ 7ರ ವರೆಗೆ ಮಂಡಳಿಗೆ ಸಲ್ಲಬೇಕಾಗಿತ್ತು. 2025ರ ತಿದ್ದುಪಡಿ ಅದನ್ನು 5ಕ್ಕೆ ಇಳಿಸಿತು. ಅದೇ ತಿದ್ದುಪಡಿ ವಕ್ಫ್ ಮಂಡಳಿಯಲ್ಲಿ ಮುಸ್ಲಿಮರಲ್ಲದವರನ್ನೂ ಸೇರಿಸಬೇಕೆಂದಿತು. ಹೇಗಿದೆ ನೋಡಿ ನ್ಯಾಯ! ಅವರ ಆಸ್ತಿಯ ಮಂಡಳಿಯಲ್ಲಿ ಬೇರೆಯವರು ಕುಳಿತುಕೊಳ್ಳಬಹುದು. ನಮ್ಮ ಜಾತ್ರೆಯ ಗದ್ದೆಯಲ್ಲಿ ಅವರು ಒಂದು ರಾತ್ರಿ ಬಳೆ ಇಟ್ಟು ಕುಳಿತುಕೊಳ್ಳಬಾರದು.

ಹಾಗಾದರೆ ಸರಕಾರ ದೇವಸ್ಥಾನಗಳನ್ನು ಬಿಟ್ಟುಬಿಡಲೇ? ಬಿಟ್ಟರೆ ಯಾರ ಕೈಗೆ ಎಂದು ಕೇಳಿ. ನಮ್ಮ ಊರುಗಳಲ್ಲಿ ಉತ್ತರ ಗೊತ್ತಿರುವುದೇ: ಹಳೆಯ ಗುತ್ತಿನ ಮನೆಗೆ, ಇಲ್ಲವೆ ಹೊಸ ಹಣದ ಧಣಿಗೆ. ಈಗಿನ ಕಾನೂನಿನಂತೆ ವ್ಯವಸ್ಥಾಪನಾ ಸಮಿತಿಯ ಒಂಬತ್ತು ಮಂದಿಯಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ, ಇಬ್ಬರು ಹೆಂಗಸರು ಇರಲೇಬೇಕು. ಸರಕಾರ ಎದ್ದುಹೋದರೆ ಮೊದಲು ಹೋಗುವ ಕುರ್ಚಿಗಳು ಆ ಮೂರು. ಆದುದರಿಂದ ನಾವು ಕೇಳುವುದು ಸರಕಾರ ಪೂಜೆಯಿಂದ ದೂರವಿರಲಿ, ಲೆಕ್ಕದಲ್ಲಿ ನೇರವಾಗಿರಲಿ, ಏಲಂನಲ್ಲಿ ಎಲ್ಲರನ್ನೂ ಸಮನಾಗಿ ಕಾಣಲಿ ಎಂದು.

ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ

ಇದಿಷ್ಟನ್ನು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಸರಕಾರ, ಧರ್ಮಗಳು ಬೇರೆಬೇರೆಯಾಗಿರಬೇಕೆಂದು ಹೇಳುವ ನಾವೂ ಪ್ರಾಮಾಣಿಕರಾಗಿದ್ದೇವೆಯೇ? ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ವಜಾ ಮಾಡಿದ್ದರ ಮೊಕದ್ದಮೆಯಲ್ಲಿ, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಮತನಿರಪೇಕ್ಷತೆ ಸಂವಿಧಾನದ ಮೂಲ ಲಕ್ಷಣವೆಂದು ಹೇಳಿತು. ಹೇಳಿಸಿಕೊಂಡದ್ದು ನಮ್ಮ ರಾಜ್ಯದ ಮುಖ್ಯಮಂತ್ರಿಯ ಹೆಸರಿನಲ್ಲಿ. ಆದರೆ ಅದೇ ರಾಜ್ಯದ ಬಜೆಟ್ಟಿನಲ್ಲಿ 2008ರ ನಂತರ ಮಠಗಳಿಗೆ ಜಾತಿವಾರು ಅನುದಾನ ಹಂಚುವುದು ರೂಢಿಯಾಯಿತು. ಒಂದು ಪಕ್ಷ ಶುರು ಮಾಡಿದ್ದನ್ನು ಇನ್ನೊಂದು ಪಕ್ಷ ನಿಲ್ಲಿಸಲಿಲ್ಲ. ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಶಾಸಕರ ಹೆಸರು ದೇವರ ಹೆಸರಿಗಿಂತ ದಪ್ಪಕ್ಷರದಲ್ಲಿ ಬರುತ್ತದೆ. ರಂಜಾನಿನ ಇಫ್ತಾರಿಗೆ ಟೊಪ್ಪಿ ಹಾಕಿ ಕುಳಿತುಕೊಂಡವರೇ ಮರುದಿನ ಶಾಲು ಹೊದ್ದು ತೇರಿನ ಹಗ್ಗ ಹಿಡಿಯುತ್ತಾರೆ. ಭಕ್ತಿಯಿಂದ ಹೋದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಅವರು ಹೋಗುವುದು ಸರಕಾರಿ ಕಾರಿನಲ್ಲಿ, ಫೋಟೋದವರ ಜತೆಯಲ್ಲಿ.

ಶಾಲೆಯ ಮಾತನ್ನೂ ಹೇಳಬೇಕು. 2022ರ ಫೆಬ್ರವರಿ 5ರ ಆಜ್ಞೆಯಿಂದ ಸಮವಸ್ತ್ರದ ಹೆಸರಿನಲ್ಲಿ ಹುಡುಗಿಯರ ತಲೆಯ ಬಟ್ಟೆಯನ್ನು ತೆಗೆಸಲಾಯಿತು. ಹೈಕೋರ್ಟು ಆಜ್ಞೆಯನ್ನು ಎತ್ತಿಹಿಡಿಯಿತು. ಅಕ್ಟೋಬರ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಎರಡು ದಾರಿ ಹಿಡಿದರು. ಆ ಚರ್ಚೆಯಲ್ಲಿ ಎರಡೂ ಕಡೆ ಗಂಡಸರೇ ಕೂಗಾಡಿದರು. ಪರೀಕ್ಷೆಗೆ ಕೂರಲಾರದೆ ಮನೆಗೆ ಹೋದದ್ದು ಹುಡುಗಿಯರು. ಮತನಿರಪೇಕ್ಷ ಶಾಲೆ ಬೇಕೆಂದು ಹೇಳುವ ಸರಕಾರ ಎಲ್ಲ ಧರ್ಮದ ಆಚರಣೆಗೂ ಒಂದೇ ಅಳತೆಗೋಲು ಹಿಡಿಯಬೇಕು. ಶಾಲೆಯಲ್ಲಿ ನಾನೇ ಶಾರದಾ ಪೂಜೆಗೆ ಮಕ್ಕಳಿಂದ ಎಂಟಾಣೆ, ಒಂದು ರೂಪಾಯಿ ವಸೂಲು ಮಾಡಿದವನು. ಸಾಲಿನಲ್ಲಿ ಕೊನೆಗೆ ನಿಂತಿದ್ದ ಬ್ಯಾರಿಗಳ ಹುಡುಗ ಏನೆಂದುಕೊಂಡನೋ ಎಂದು ಆಗ ನಾನು ಕೇಳಿರಲಿಲ್ಲ. ಯಾರೂ ಬಲಾತ್ಕಾರ ಮಾಡಿರಲಿಲ್ಲ, ನಿಜ. ಆದರೆ ಕೈಯಲ್ಲಿ ಬೆತ್ತ ಇರುವವನು ಕೇಳಿದಾಗ ಯಾವ ಮಗು ಇಲ್ಲವೆನ್ನುತ್ತದೆ? ಸರಕಾರವೂ ಬೆತ್ತ ಹಿಡಿದ ಮಾಸ್ತರನ ಹಾಗೆ. ಅದಕ್ಕೇ ಅದು ಯಾವ ಪೂಜೆಗೂ ಚಂದಾ ಪುಸ್ತಕ ಹಿಡಿಯಬಾರದು.

ನಿನ್ನೆ ಹೊರಗೆ ನಿಂತವರು ನಾವು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಮಣ್ಣಿನಲ್ಲಿ ಧರ್ಮಗಳು ಬೇಲಿ ಹಾಕಿಕೊಂಡು ಬೆಳೆದವುಗಳಲ್ಲ. ಧರ್ಮಸ್ಥಳದಲ್ಲಿ ಶಿವ ಮಂಜುನಾಥ, ಪೂಜೆ ಮಾಡುವವರು ವೈಷ್ಣವರು, ಆಡಳಿತ ಜೈನ ಹೆಗ್ಗಡೆಯವರದು. ಮೂಡಬಿದ್ರೆಯಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿ ವ್ಯಾಪಾರದ ಪೇಟೆಯ ನಡುವೆ ಎದ್ದದ್ದು. ಪೇಟೆಗೆ ಬಂದವರೆಲ್ಲ ಜೈನರೇ ಆಗಿದ್ದರೆ ಆ ಪೇಟೆ ಬೆಳೆಯುತ್ತಿರಲಿಲ್ಲ. ಕಡಲ ಕರೆಯಲ್ಲಿ ಪೂಜೆಗೊಳ್ಳುವ ಬೊಬ್ಬರ್ಯ ದೈವದ ತಂದೆ ಮುಸಲ್ಮಾನ ವರ್ತಕನೆಂದು ಪಾಡ್ದನ ಹೇಳುವವರೇ ಹೇಳುತ್ತಾರೆ.

ಆದರೆ ಹಿಂದಿನ ಕಾಲವೆಲ್ಲ ಚಿನ್ನದ್ದೆಂದೂ ನಾನು ಹೇಳಲಾರೆ. ಅದೇ ಕಾಲದಲ್ಲಿ ನಮ್ಮಲ್ಲಿ ಅನೇಕರ ಅಜ್ಜಂದಿರು ದೇವಸ್ಥಾನದ ಗೋಡೆಯ ಹೊರಗೆ ನಿಂತು ಕೈಮುಗಿದವರು. ಬಿಲ್ಲವರು ಒಳಗೆ ಹೋಗಲಾರದೆ, ನಾರಾಯಣ ಗುರುಗಳನ್ನು ಕರೆಸಿ, 1912ರಲ್ಲಿ ಕುದ್ರೋಳಿಯಲ್ಲಿ ತಮ್ಮದೇ ಗೋಕರ್ಣನಾಥನ ಗುಡಿ ಕಂಡುಕೊಂಡರು. ಹರಿಜನರಿಗೆ ಮೂಲ್ಕಿಯ ಬಾಗಿಲು ತೆರೆಯಲು ಸುಪ್ರೀಂ ಕೋರ್ಟೇ ಬೇಕಾಯಿತು. ನಮ್ಮನ್ನು ಹೊರಗೆ ನಿಲ್ಲಿಸಿದಾಗಲೂ "ಇದು ಸಂಪ್ರದಾಯ, ಇದು ದೇವಸ್ಥಾನದ ಒಳಗಿನ ವಿಷಯ" ಎಂದೇ ಹೇಳಿದ್ದರು. ಇಂದು ಅದೇ ಮಾತನ್ನು ನಮ್ಮ ಹುಡುಗರ ಬಾಯಿಯಲ್ಲಿ ಹೇಳಿಸಿ, ಅವರ ಕೈಯಲ್ಲಿ ಬ್ಯಾನರು ಕೊಟ್ಟು, ಜಾತ್ರೆಯ ಗದ್ದೆಯ ಬಾಯಿಯಲ್ಲಿ ಕಾವಲು ನಿಲ್ಲಿಸಿದ್ದಾರೆ. ಹೊರಗೆ ನಿಂತವನ ಮೊಮ್ಮಗ ಇನ್ನೊಬ್ಬನನ್ನು ಹೊರಗೆ ನಿಲ್ಲಿಸುವುದನ್ನು ನೋಡಿ ನಗುವವರು ಯಾರೆಂದು ಆ ಹುಡುಗರು ಯೋಚಿಸಲಿ.

ನಗುವವರು ಇದ್ದಾರೆ. ಏಲಂ ಕೂಗುವವರಲ್ಲಿ ಅರ್ಧ ಜನ ಕಡಿಮೆಯಾದರೆ ಸಣ್ಣ ಹಿಂದೂ ವ್ಯಾಪಾರಿಗೆ ಜಾಗ ಅಗ್ಗವಾಗುತ್ತದೆಂದು ಯಾರೋ ಹೇಳಿದರು. ಚರುಮುರಿಯವಳ ಅನುಭವ ಹಾಗಿಲ್ಲ. ಇಡೀ ಗದ್ದೆಯನ್ನು ಒಬ್ಬನೇ ಕಂತ್ರಾಟಿಗೆ ಹಿಡಿದು ತುಂಡು ತುಂಡು ಮಾಡಿ ದುಪ್ಪಟ್ಟಿಗೆ ಕೊಡುವುದು ಇಂಥ ಗಲಾಟೆಯ ಹೊತ್ತಿನಲ್ಲೇ ಸುಲಭ. ಬಹಿಷ್ಕಾರವೂ ಒಂದೇ ಕಡೆ ನಿಲ್ಲುವುದಿಲ್ಲ. ಹಣ್ಣಿನ ಸಗಟು ವ್ಯಾಪಾರಿ ಬ್ಯಾರಿ, ಅದನ್ನು ಉದ್ರಿಗೆ ಒಯ್ದು ಮಾರುವವನು ಹಿಂದೂ. ಮೀನಿನ ದೋಣಿ ಮೊಗವೀರರದು, ಸೈಕಲ್ಲಿನಲ್ಲಿ ಹೊತ್ತು ಮನೆಮನೆಗೆ ತಲುಪಿಸುವವನು ಬ್ಯಾರಿ. ಒಂದು ದಾರ ಎಳೆದರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ. 2017ರ ಬೇಸಗೆ, ಮಳೆಗಾಲಗಳಲ್ಲಿ ಬಂಟ್ವಾಳದಲ್ಲಿ ವಾರಗಟ್ಟಲೆ ನಿಷೇಧಾಜ್ಞೆ ಇದ್ದಾಗ ಬಿ. ಸಿ. ರೋಡಿನ ಅಂಗಡಿಗಳ ಬಾಗಿಲು ಮುಚ್ಚಿದ್ದು ಧರ್ಮ ನೋಡಿ ಅಲ್ಲ. ದಿನದ ಗಳಿಕೆ ಎಲ್ಲರದೂ ಹೋಯಿತು. ಸಾಲದ ಬಡ್ಡಿ ಎಲ್ಲರದೂ ಬೆಳೆಯಿತು.

ಕಾರ್ಖಾನೆಯ ಸಂಗಾತಿಗಳಿಗೆ ಇನ್ನೊಂದು ಮಾತು. ಬೀಡಿಯ ಬ್ರಾಂಚಿನಲ್ಲಿ ಕಟ್ಟು ತಿರಸ್ಕರಿಸುವಾಗ ಕಂತ್ರಾಟುದಾರ ಕಟ್ಟಿದವಳ ಧರ್ಮ ಕೇಳುತ್ತಾನೆಯೇ? ಗೇರುಬೀಜದ ಸಿಪ್ಪೆಯ ಎಣ್ಣೆ ಯಾವ ಕೈಯ ಚರ್ಮವನ್ನು ಸುಡದೆ ಬಿಟ್ಟಿದೆ? ಸುಲಿಗೆಯಲ್ಲಿ ಧಣಿಗಳು ಮತನಿರಪೇಕ್ಷರು! ಒಗ್ಗಟ್ಟಿನಲ್ಲಿ ನಾವೂ ಅಷ್ಟೇ ಮತನಿರಪೇಕ್ಷರಾದ ದಿನ ಅವರ ನಿದ್ದೆ ಕೆಡುತ್ತದೆ. ಅದಕ್ಕಾಗಿಯೇ ಆ ದಿನ ಬಾರದಂತೆ ನೋಡಿಕೊಳ್ಳುತ್ತಾರೆ.

ನಾವು ಮಾಡಬೇಕಾದದ್ದು

ಒಂದು: 31(12)ನೇ ನಿಯಮವನ್ನು ರದ್ದು ಮಾಡಬೇಕು, ಅದಾಗುವ ತನಕ ಜಾತ್ರೆಯ ತಾತ್ಕಾಲಿಕ ಅಂಗಡಿಗಳಿಗೆ ಅದು ಹತ್ತುವುದಿಲ್ಲವೆಂದು ಸರಕಾರ ಲಿಖಿತ ಆಜ್ಞೆ ಹೊರಡಿಸಬೇಕು. ಬ್ಯಾನರು ಕಟ್ಟಿದವರನ್ನು ಬೈದು ನಿಯಮವನ್ನು ಹಾಗೆಯೇ ಉಳಿಸಿಕೊಳ್ಳುವ ಸರಕಾರವನ್ನು ನಂಬಬೇಡಿ.

ಎರಡು: ಮುಜರಾಯಿ ದೇವಸ್ಥಾನಗಳ ಜಾತ್ರೆಯ ಏಲಂ ಬಹಿರಂಗವಾಗಿ, ಒಂದೊಂದೇ ಜಾಗಕ್ಕೆ ನಡೆಯಬೇಕು. ಇಡೀ ಗದ್ದೆಯನ್ನು ಒಬ್ಬನ ಕೈಗೆ ಕೊಡಬಾರದು. ಬಂದ ಹಣದ ಲೆಕ್ಕವನ್ನು ದೇವಸ್ಥಾನದ ಎದುರು ಬೋರ್ಡಿನಲ್ಲಿ ಬರೆಯಬೇಕು.

ಮೂರು: ಬೀದಿ ವ್ಯಾಪಾರಿಗಳ 2014ರ ಕಾನೂನು ನಮ್ಮ ಪುರಸಭೆ, ಪಟ್ಟಣ ಪಂಚಾಯತಗಳಿಗೂ ಅನ್ವಯಿಸುತ್ತದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40 ಮಂದಿಯಾದರೂ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಸಮೀಕ್ಷೆ ಆಗದೆ, ಪ್ರಮಾಣಪತ್ರ ಕೊಡದೆ ಯಾರನ್ನೂ ಎಬ್ಬಿಸುವಂತಿಲ್ಲ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ನಿಮ್ಮ ಹೆಸರು ಪಟ್ಟಿಯಲ್ಲಿದೆಯೇ ಎಂದು ಈ ವಾರವೇ ಹೋಗಿ ಕೇಳಿ. ಒಬ್ಬೊಬ್ಬರಾಗಿ ಬೇಡ, ಹತ್ತು ಮಂದಿ ಒಟ್ಟಿಗೆ ಹೋಗಿ. ಆ ಹತ್ತರಲ್ಲಿ ಎಲ್ಲ ಧರ್ಮದವರೂ ಇರಲಿ.

ನಾಲ್ಕು: ಜಾತ್ರೆಯ ವ್ಯಾಪಾರಿಗಳು ಒಂದೇ ಸಂಘ ಕಟ್ಟಬೇಕು. ಒಬ್ಬನಿಗೆ ಜಾಗ ನಿರಾಕರಿಸಿದರೆ ಉಳಿದವರು ಕೇಳುವವರಾಗಬೇಕು.

ಕೊನೆಗೆ, ಆ ಬಳೆಯವನ ಸಂಗತಿ. ಮರುವರ್ಷ ಅವನನ್ನು ದಾರಿಯಲ್ಲಿ ಕಂಡೆ. ಜಾತ್ರೆಯ ಬಗ್ಗೆ ಕೇಳಿದೆ. "ನನಗೆ ದೇವಸ್ಥಾನದ ಹತ್ತಿರ ಹೋಗಬೇಕೆಂದು ಹಟ ಇಲ್ಲ ಮಾಸ್ತರೇ. ಮೂವತ್ತು ವರ್ಷದಿಂದ ಬಳೆ ತೊಡಿಸಿದ ಮಕ್ಕಳಿದ್ದಾರೆ, ಈಗ ಅವರ ಮಕ್ಕಳಿದ್ದಾರೆ. ಯಾಕೆ ಬರಲಿಲ್ಲವೆಂದು ಅವರು ಕೇಳಿದರೆ ನಾನು ಏನು ಹೇಳಲಿ?" ಎಂದ.

ಇದಕ್ಕೆ ಉತ್ತರ ಹೇಳಬೇಕಾದವನು ಅವನಲ್ಲ. ಜಾತ್ರೆಯ ಗದ್ದೆ ಊರಿನದು. ಊರಿನವರಾದ ನಾವು ಹೇಳಬೇಕು. ಮುಂದಿನ ಕೊಡಿ ಏರುವುದರೊಳಗೆ ಹೇಳಬೇಕು.